ಅಳೆಯುವ ಮೊದಲೇ ತೀರ್ಮಾನವಾಗಿದ್ದ ಹೊಲ

ಮಣ್ಣಿಗೆ ಇಷ್ಟು ಆಣೆ ಎಂದು ದರ್ಜೆ ಕಟ್ಟುವ ಲೆಕ್ಕ ನಮ್ಮ ಊರುಗಳಿಗೆ ಎಲ್ಲಿಂದ ಬಂತು? ಹುಡುಕುತ್ತಾ ಹೋದರೆ ಪುಣೆ ಸೀಮೆಯಲ್ಲಿ ಬ್ರಿಟಿಷರು ನಡೆಸಿದ ಎರಡು ಸರ್ವೆಗಳ ಬಳಿ ನಿಲ್ಲುತ್ತೇವೆ.

ಮೊದಲನೆಯದು 1820ರ ದಶಕದ ಕೊನೆಯಲ್ಲಿ ಆರ್.ಕೆ. ಪ್ರಿಂಗಲ್ ನಡೆಸಿದ್ದು. ಆತ ಓದಿದ್ದು ಮಾಲ್ಥಸ್ ಅರ್ಥಶಾಸ್ತ್ರ ಕಲಿಸುತ್ತಿದ್ದ ಹೈಲಿಬರಿ ಕಾಲೇಜಿನಲ್ಲಿ. ರಿಕಾರ್ಡೊನ ಗೇಣಿ ಸಿದ್ಧಾಂತದ ಮೇಲೆ ಆತನಿಗೆ ಪೂರ್ಣ ಭರವಸೆ. ಬೆಳೆಯ ಬೆಲೆಯಲ್ಲಿ ಬೇಸಾಯದ ಖರ್ಚು ಕಳೆದರೆ ಉಳಿಯುವುದೇ ನೆಲದ ನಿಜವಾದ ಗೇಣಿ, ಅದರಲ್ಲಿ ಶೇ. 55 ಸರ್ಕಾರದ್ದು ಎಂದು ಆತ ಲೆಕ್ಕ ಹಾಕಿದ. ಆದರೆ ಇಳುವರಿಯ ಅಂದಾಜುಗಳಲ್ಲಿ ತಪ್ಪು, ಲಂಚ ಎರಡೂ ನುಸುಳಿದವು. ಕಂದಾಯ ಭಾರವಾಗಿ ರೈತರು ಹೊಲ ಬಿಟ್ಟರು. ಕೆಲವೇ ವರ್ಷಗಳಲ್ಲಿ ಆ ವ್ಯವಸ್ಥೆ ಕುಸಿಯಿತು.

1835ರಲ್ಲಿ ಇಂದಾಪುರ ತಾಲ್ಲೂಕಿಗೆ ಬಂದ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ 'ನಿಜವಾದ ಗೇಣಿ'ಯ ಹುಡುಕಾಟವನ್ನೇ ಬಿಟ್ಟರು. ಹಿಂದಿನ ವರ್ಷಗಳಲ್ಲಿ ಎಷ್ಟು ವಸೂಲಾಗಿದೆ ಎಂದು ನೋಡಿ ಒಟ್ಟು ಮೊತ್ತ ಗೊತ್ತುಮಾಡಿದರು. ಆಮೇಲೆ ಮಣ್ಣಿನ ಆಳ, ಬಣ್ಣ, ದೋಷ ನೋಡಿ 16 ಆಣೆಯಿಂದ ಕೆಳಕ್ಕೆ ದರ್ಜೆ ಮಾಡಿ ಅದನ್ನು ಹೊಲಗಳಿಗೆ ಹಂಚಿದರು. 30 ವರ್ಷ ದರ ಬದಲಾಗದು ಎಂದರು. ಈ ಪದ್ಧತಿ ಧಾರವಾಡ, ಬೆಳಗಾವಿಗೂ ಬಂತು. 1863ರಲ್ಲಿ ಶುರುವಾದ ಮೈಸೂರಿನ ಸರ್ವೆಯೂ ಇದನ್ನೇ ಅನುಸರಿಸಿತು.

ಇಂದಿನ ಸಂಶೋಧನಾ ಪಾಠದ ಮಾತಿನಲ್ಲಿ ಹೇಳುವುದಾದರೆ, ಪ್ರಿಂಗಲ್ ಪಾಸಿಟಿವಿಸಂಗೆ ಹತ್ತಿರ: ಸತ್ಯ ಒಂದೇ, ಲೆಕ್ಕ ಹಾಕಿದರೆ ಸಿಗುತ್ತದೆ. ವಿಂಗೇಟ್ ಪ್ರಾಗ್ಮಾಟಿಸಂಗೆ ಹತ್ತಿರ: ಕೆಲಸಕ್ಕೆ ಬಂದರೆ ಸಾಕು. ಸರ್ವೆಯ ಪ್ರಶ್ನೆಗಳು ಹುಟ್ಟಿದ್ದೇ ಈ ನಂಬಿಕೆಗಳಿಂದ. ಈ ನೆಲದಲ್ಲಿ ಯಾರ್ಯಾರ ದುಡಿಮೆ, ಯಾರ್ಯಾರ ಪಾಲು ಇದೆ ಎಂದು ದುಡಿಯುವವರನ್ನೇ ಕೇಳುವ ಮೂರನೆಯ ದಾರಿ ಇಬ್ಬರ ಲೆಕ್ಕದಲ್ಲೂ ಇರಲಿಲ್ಲ. ಕಂದಾಯ ಕಟ್ಟುವ ಖಾತೆದಾರನ ಹೆಸರು ದಾಖಲೆಗೆ ಬಂತು. ಕೂಲಿ, ಸಾಲ, ಹೆಂಗಸರ ದುಡಿಮೆ ಹೊರಗುಳಿದವು. ಸಾಲದ ಕಥೆ 1875ರಲ್ಲಿ ಬೀದಿಗೆ ಬಂತು. ಪುಣೆ, ಅಹ್ಮದ್‌ನಗರದ ರೈತರು ಸಾಹುಕಾರರ ಸಾಲಪತ್ರಗಳನ್ನು ಸುಟ್ಟರು.

ಈಗ ಪಹಣಿ ಕಂಪ್ಯೂಟರಿನಲ್ಲಿದೆ. ಅದು ಎಷ್ಟು ನಿಮಿಷದಲ್ಲಿ ಕೈಸೇರುತ್ತದೆ ಎಂದು ಎಣಿಸುವ ಅಧ್ಯಯನ ಬೇಕು. ಉಳುವವರ ಹೆಸರು 12ನೇ ಕಾಲಂನಲ್ಲಿ ಏಕಿಲ್ಲ ಎಂದು ಊರಲ್ಲಿ ಕೂತು ಕೇಳುವ ಅಧ್ಯಯನವೂ ಬೇಕು. ಭೂಮಿಯ ಬಗ್ಗೆ ಯಾವುದೇ ವರದಿ ನಮ್ಮ ಕೈಗೆ ಬಂದಾಗ ಅಂಕಿಗಳಿಗಿಂತ ಮೊದಲು ಅದರ ಪ್ರಶ್ನಾವಳಿಯನ್ನು ಓದೋಣ. ಯಾರನ್ನು ಕೇಳಿಲ್ಲ ಎಂಬುದು ಅಲ್ಲೇ ಗೊತ್ತಾಗುತ್ತದೆ.