ಗಾಯದ ಸುತ್ತ ಸುತ್ತುವ ಅಲೆ

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳಲ್ಲಿ ಕಬ್ಬು ಕಟಾವಾದ ಮೇಲೆ ರವದಿಗೆ ಬೆಂಕಿ ಹಚ್ಚುವುದನ್ನು ನೀವು ನೋಡಿರಬಹುದು. ಬೆಂಕಿಯ ಸಾಲು ಮುಂದಕ್ಕೆ ಸಾಗುತ್ತದೆ. ಸುಟ್ಟ ನೆಲಕ್ಕೆ ಹಿಂದಿರುಗದೆ ಹೊಲದಂಚಿನಲ್ಲಿ ಆರುತ್ತದೆ. ಹೃದಯದ ಸ್ನಾಯುವಿನಲ್ಲಿ ಹರಿಯುವ ವಿದ್ಯುತ್ ಅಲೆಯೂ ಹಾಗೆಯೇ. ಆದರೆ ಸ್ನಾಯುಕೋಶ ಸುಮಾರು 0.3 ಸೆಕೆಂಡಿನಲ್ಲಿ ಚೇತರಿಸಿಕೊಂಡು ಮತ್ತೆ 'ಉರಿಯಲು' ಸಿದ್ಧವಾಗುತ್ತದೆ. ಅಪಾಯ ಅಡಗಿರುವುದು ಇಲ್ಲಿಯೇ.

ಉಬ್ಬು ಮತ್ತು ಅಲೆ

ಹೃದಯಾಘಾತವಾದಾಗ ರಕ್ತ ಸಿಗದ ಸ್ನಾಯು ಸತ್ತು, ಆ ಜಾಗದಲ್ಲಿ ಕಲೆಗಟ್ಟಿದ ಅಂಗಾಂಶ ಬೆಳೆಯುತ್ತದೆ. ಗೋಡೆ ತೆಳುವಾದಷ್ಟೂ, ತ್ರಿಜ್ಯ ಹೆಚ್ಚಿದಷ್ಟೂ ಅದರ ಮೇಲಿನ ಎಳೆತ ಹೆಚ್ಚುತ್ತದೆ ಎನ್ನುವುದು ಲಾಪ್ಲಾಸ್ ನಿಯಮ. ಹೀಗೆ ಎಡ ಹೃತ್ಕುಕ್ಷಿಯ ಗೋಡೆ ಚೀಲದಂತೆ ಹೊರಕ್ಕೆ ಉಬ್ಬುವುದೇ ಅನ್ಯೂರಿಸಂ. 18ನೆಯ ಶತಮಾನದಲ್ಲೇ ಜಾನ್ ಹಂಟರ್ ಇದನ್ನು ಶವಪರೀಕ್ಷೆಯಲ್ಲಿ ಕಂಡಿದ್ದ.

ಕಲೆಯ ನಡುಭಾಗದಲ್ಲಿ ವಿದ್ಯುತ್ ಹರಿಯದು. ಅಂಚಿನಲ್ಲಿ ಬದುಕುಳಿದ ಎಳೆಗಳಲ್ಲಿ ನಿಧಾನವಾಗಿ ಹರಿಯುತ್ತದೆ. ಕಲೆಯ ಸುತ್ತಳತೆ 12 ಸೆಂಟಿಮೀಟರ್ ಎಂದುಕೊಳ್ಳಿ. ಅಲೆಯ ವೇಗ ಸೆಕೆಂಡಿಗೆ 50 ಸೆಂಟಿಮೀಟರ್ ಇದ್ದರೆ ಅದು 0.24 ಸೆಕೆಂಡಿನಲ್ಲಿ ಹಿಂದಿರುಗಿ, ಇನ್ನೂ ಚೇತರಿಸದ ಸ್ನಾಯುವನ್ನು ತಾಕಿ ಆರುತ್ತದೆ. ವೇಗ 30 ಸೆಂಟಿಮೀಟರಿಗೆ ಇಳಿದರೆ ಸುತ್ತಿಗೆ 0.4 ಸೆಕೆಂಡ್ ಬೇಕು. ಅಷ್ಟರಲ್ಲಿ ಸ್ನಾಯು ಸಿದ್ಧ! ಅಲೆ ಮತ್ತೆ ಮತ್ತೆ ಸುತ್ತುತ್ತದೆ. ಹೃದಯ ನಿಮಿಷಕ್ಕೆ 150 ಬಾರಿ ಬಡಿಯುತ್ತದೆ. ಇದೇ ವೆಂಟ್ರಿಕ್ಯುಲರ್ ಟ್ಯಾಕಿಕಾರ್ಡಿಯ. ಹೃತ್ಕುಕ್ಷಿ ತುಂಬಲು ಬಿಡುವೇ ಸಿಗದು. ಅಲೆ ಒಡೆದು ಚೂರಾದರೆ ಕಂಪನ ಉಂಟಾಗಿ ಕೆಲವೇ ನಿಮಿಷಗಳಲ್ಲಿ ಸಾವು ಸಂಭವಿಸಬಹುದು. ಎಲ್ಲ ಉಬ್ಬುಗಳೂ ಹೀಗೆ ಮಾಡುವುದಿಲ್ಲ ಎನ್ನುವುದು ಸಮಾಧಾನದ ಸಂಗತಿ.

ಉಂಗುರದಿಂದ ಯಂತ್ರದವರೆಗೆ

ಈ ಅರಿವಿನ ಬೇರು ಸಮುದ್ರದಲ್ಲಿದೆ. 1906ರಲ್ಲಿ ಆಲ್ಫ್ರೆಡ್ ಮೇಯರ್ ಅಂಬಲಿ ಮೀನಿನ ಅಂಗಾಂಶದ ಉಂಗುರದಲ್ಲಿ ಸುತ್ತುವ ಅಲೆಯನ್ನು ವರ್ಣಿಸಿದ. 1913–14ರಲ್ಲಿ ಜಾರ್ಜ್ ಮೈನ್ಸ್ ಅದನ್ನು ಪ್ರಾಣಿಗಳ ಹೃದಯಸ್ನಾಯುವಿನಲ್ಲಿ ತೋರಿಸಿದ. ಉಂಗುರವನ್ನು ಒಂದೆಡೆ ಕತ್ತರಿಸಿದರೆ ಅಲೆ ನಿಲ್ಲಬೇಕು ಎನ್ನುವುದು ಅವನು ಕೊಟ್ಟ ಪರೀಕ್ಷೆ.

ವೈದ್ಯರು ಆ ಕತ್ತರಿ ಹಿಡಿಯಲು ದಶಕಗಳೇ ಬೇಕಾದವು. 1958ರಲ್ಲಿ ಡೆಂಟನ್ ಕೂಲಿ ಹೃದಯ–ಶ್ವಾಸಕೋಶ ಯಂತ್ರದ ನೆರವಿನಿಂದ ಉಬ್ಬನ್ನು ಕತ್ತರಿಸಿ ತೆಗೆದರು. ಹಾಗೆ ತೆಗೆದು ವೇಗದ ಬಡಿತಕ್ಕೆ ಚಿಕಿತ್ಸೆ ನೀಡಿದ ಪ್ರಕರಣವನ್ನು ಕೌಚ್ 1959ರಲ್ಲಿ ವರದಿ ಮಾಡಿದರು. ಆದರೆ ಉಬ್ಬು ಹೋದರೂ ಕೆಲವರಲ್ಲಿ ಬಡಿತ ಮರುಕಳಿಸುತ್ತಿತ್ತು. ಸುತ್ತುಹಾದಿ ಅಂಚಿನಲ್ಲೇ ಉಳಿದಿತ್ತು. 1979ರಲ್ಲಿ ಜೋಸೆಫ್‌ಸನ್ ಮತ್ತು ಹಾರ್ಕೆನ್ ಮೊದಲು ಅಲೆಯ ನಕ್ಷೆ ಬರೆದು, ಅಂಚಿನ ಒಳಪದರವನ್ನು ಬಿಡಿಸಿ ತೆಗೆದರು. 1980ರಲ್ಲಿ ಮಿರೋವ್ಸ್ಕಿ ತಂಡದ ಒಳಕಸಿ ಡಿಫಿಬ್ರಿಲೇಟರ್ ಮೊದಲ ಬಾರಿ ಮನುಷ್ಯರ ದೇಹ ಸೇರಿತು.

ಬೆಂಗಳೂರಿನ ಪಾಲೂ ಇದರಲ್ಲಿದೆ. 2001ರಲ್ಲಿ ಸಿತಾಭ್ರ ಸಿನ್ಹಾ, ಅಶ್ವಿನ್ ಪಾಂಡೆ ಮತ್ತು ಭಾರತೀಯ ವಿಜ್ಞಾನ ಸಂಸ್ಥೆಯ ರಾಹುಲ್ ಪಂಡಿತ್, ಸುರುಳಿ ಅಲೆಗಳ ಕೋಲಾಹಲವನ್ನು ಅಲ್ಪ ವಿದ್ಯುತ್ತಿನಿಂದಲೇ ಅಡಗಿಸಬಹುದೆಂದು ಗಣಿತ ಮಾದರಿಯಲ್ಲಿ ತೋರಿಸಿದರು. ಶಾಜಹಾನ್ ಜೊತೆಗಿನ 2007ರ ಅಧ್ಯಯನದಲ್ಲಿ, ಅಡ್ಡಿಯ ಸ್ಥಾನ ತುಸು ಬದಲಾದರೂ ಸುರುಳಿ ನೆಲೆಯೂರಬಹುದು, ಒಡೆಯಬಹುದು ಅಥವಾ ಅಳಿಯಬಹುದು ಎಂದು ತಿಳಿಯಿತು.

ಕಲೆಯೇ ಬೀಳದಂತೆ ತಡೆಯುವುದು ಇವೆಲ್ಲಕ್ಕಿಂತ ಮೇಲು. ಮುಚ್ಚಿದ ರಕ್ತನಾಳ ಬೇಗ ತೆರೆದಷ್ಟೂ ಸಾಯುವ ಸ್ನಾಯು ಕಡಿಮೆ. ಆದ್ದರಿಂದ ಎದೆನೋವು, ಬೆವರು ಕಾಣಿಸಿದಾಗ 'ಬೆಳಗಾವಿಗೆ ನಾಳೆ ಹೋದರಾಯಿತು' ಎನ್ನಬೇಡಿ. 108ಕ್ಕೆ ಕರೆ ಮಾಡಿ, ಸಮೀಪದ ಆಸ್ಪತ್ರೆಯಲ್ಲಿ ತಕ್ಷಣ ಇಸಿಜಿ ಮಾಡಿಸಿ. ಮೂಡಲಗಿಯ ಹೊಲದಂತೆ ಹೃದಯದಲ್ಲೂ ಬೆಂಕಿಯನ್ನು ಅಂಚಿನಲ್ಲೇ ತಡೆಯಬೇಕು.