ಪೋಸ್ಟರ್ ಬರೆದ ಕೈ: ಕಲಾವಿದ ಎಸ್.ಎಂ. ಪಂಡಿತ

ಕಲಬುರಗಿಗೆ ಹೋದಾಗ ಡಾ. ಎಸ್.ಎಂ. ಪಂಡಿತ ರಂಗಮಂದಿರವನ್ನು ನೀವು ನೋಡಿರಬಹುದು. ಆ ಹೆಸರಿನವರು ಯಾರೆಂದು ನನ್ನ ವಿದ್ಯಾರ್ಥಿಗಳನ್ನು ಕೇಳಿದೆ. "ನಾಟಕಕಾರರು" ಎಂದರು. ಅಲ್ಲ, ಅವರು ಚಿತ್ರಕಲಾವಿದರು.

ಸಾಂಬಾನಂದ ಮೋನಪ್ಪ ಪಂಡಿತರು 1916ರ ಮಾರ್ಚ್ 25ರಂದು ಗುಲ್ಬರ್ಗಾದಲ್ಲಿ ಜನಿಸಿದರು. ಆಗ ಗುಲ್ಬರ್ಗಾ, ರಾಯಚೂರು, ಮಾನ್ವಿ, ದೇವದುರ್ಗಗಳೆಲ್ಲ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಚಿತ್ರಕಲೆ ಕಲಿಯಲು ಅವರು ಮದ್ರಾಸಿಗೆ, ಬಳಿಕ ಮುಂಬಯಿಗೆ ಹೋಗಬೇಕಾಯಿತು. ಮುಂಬಯಿಯಲ್ಲಿ ದಂಡಾವತಿಮಠರ ನೂತನ ಕಲಾಮಂದಿರದಲ್ಲಿಯೂ ಜೆ.ಜೆ. ಕಲಾಶಾಲೆಯಲ್ಲಿಯೂ ಅಭ್ಯಾಸ ಮಾಡಿದರು. ಅಲ್ಲಿ ಕಲಿತ ಪಾಶ್ಚಾತ್ಯ ನೈಜಶೈಲಿಯೇ ಅವರಿಗೆ ಅನ್ನ ನೀಡಿತು. ಸಿನಿಮಾ ಪೋಸ್ಟರ್, 'ಫಿಲ್ಮ್‌ಇಂಡಿಯಾ' ಪತ್ರಿಕೆಯ ಮುಖಪುಟ, ಕ್ಯಾಲೆಂಡರ್ ಚಿತ್ರಗಳಿಂದ ಮನೆಮಾತಾದರು.

ಪೋಸ್ಟರ್ ಬರೆಯುವವರೂ ಕಲಾವಿದರೇ ಎಂದು ಕೆಲವರು ಮೂಗು ಮುರಿಯುತ್ತಾರೆ. ಅದೇ ಮುಂಬಯಿಯಲ್ಲಿ ಎಂ.ಎಫ್. ಹುಸೇನರೂ (1915–2011) ಸಿನಿಮಾ ಫಲಕ ಬರೆದೇ ಹೊಟ್ಟೆ ಹೊರೆದವರು. ಪಂಡಿತರು ಪುರಾಣ ಪ್ರಸಂಗಗಳನ್ನೂ ಭಾವಚಿತ್ರಗಳನ್ನೂ ಬರೆದರು. ಕನ್ಯಾಕುಮಾರಿಯಲ್ಲಿರುವ ಸ್ವಾಮಿ ವಿವೇಕಾನಂದರ ಭಾವಚಿತ್ರ ಅವರದೇ. 1993ರ ಮಾರ್ಚ್ 30ರಂದು ಅವರು ನಿಧನರಾದರು.

ಗಣಿತದ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಮುಖಗಳನ್ನು ಬರೆದ ಮಗುವನ್ನು ನಾನೂ ಒಮ್ಮೆ ಗದರಿಸಿದ್ದೇನೆ. ಈಗ ಅದಕ್ಕೆ ನಾಚಿಕೆಯಾಗುತ್ತದೆ. ನಮ್ಮ ಊರುಗಳಲ್ಲಿ ಬೋರ್ಡ್ ಬರೆಯುವವರ ಕೆಲಸವನ್ನು ಫ್ಲೆಕ್ಸ್ ಕಸಿದುಕೊಂಡಿದೆ. ಆದ್ದರಿಂದ ಕೈಗುಣವೊಂದೇ ಸಾಲದು, ಶಿಕ್ಷಣವೂ ಬೇಕು. ಪಂಡಿತರಂತೆ ಮದ್ರಾಸಿನವರೆಗೆ ಹೋಗಬೇಕಿಲ್ಲ. ದೃಶ್ಯಕಲಾ ಕಾಲೇಜುಗಳು ಇಂದು ಕಲಬುರಗಿಯಲ್ಲಿಯೇ ಇವೆ. ಪಾಲಕರೇ, ನಿಮ್ಮ ಮನೆಯಲ್ಲಿ ಅಂಥ ಮಗುವಿದ್ದರೆ ಹಾಳೆ ಕಿತ್ತುಕೊಳ್ಳಬೇಡಿ; ಇನ್ನೊಂದು ಹಾಳೆ ಕೊಡಿ.