ವೈಂಡಿಂಗ್ ಡ್ರೈವರ್ ಆಗಬೇಕಿದ್ದವನು

ಕೋಲಾರದ ಚಿನ್ನದ ಗಣಿಯ ಊರಾದ ಕೆಜಿಎಫ್‌ನಲ್ಲಿ, ಕಾರ್ಮಿಕರ ಲೈನ್ ಮನೆಗಳಲ್ಲಿ ಬೆಳೆದ ನಮಗೆ ವೈಂಡಿಂಗ್ ಡ್ರೈವರ್ ಅಂದರೆ ಸಿನಿಮಾ ಹೀರೋಗಿಂತ ಒಂದು ಕೈ ಮೇಲು. ಶಾಫ್ಟಿನ ಮೇಲೆ ಕಬ್ಬಿಣದ ಎತ್ತರದ ಚೌಕಟ್ಟು, ಅದರ ತುದಿಯ ಗಾಲಿ, ಗಾಲಿಯ ಮೇಲೆ ಹಾಯುವ ಉಕ್ಕಿನ ಹಗ್ಗ, ಹಗ್ಗದ ಕೊನೆಗೆ ಕೇಜು. ಇಂಜಿನ್ ಮನೆಯಲ್ಲಿ ಕೂತು ಆ ಕೇಜನ್ನು ಇಳಿಸಿ ಏರಿಸುವವನೇ ಈ ಡ್ರೈವರ್. ಕೆಳಗೆ ನಿಂತವರು ಅವನಿಗೆ ಕಾಣುವುದಿಲ್ಲ. ಬೆಲ್ ಹೊಡೆದ ಲೆಕ್ಕದ ಮೇಲೆ ಹಗ್ಗ ಬಿಡಬೇಕು. ನಮ್ಮಪ್ಪ ಗಣಿಯಲ್ಲಿ ಎಲೆಕ್ಟ್ರಿಷಿಯನ್. ದಿನಾ ಅಪ್ಪನನ್ನು ಇಳಿಸಿ ಮತ್ತೆ ಮೇಲಕ್ಕೆ ತಂದು ಬಿಡುವವನಂತೆ ನಾನೂ ಆಗಬೇಕು ಅಂತ ಆಸೆ.

1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಇಲ್ಲಿಗೆ ಬಂದ ಮೇಲೆ ಊರಿಗೇ ಒಂದು ಏಣಿಶ್ರೇಣಿ ಹುಟ್ಟಿಕೊಂಡಿತು. ಬಂಗಲೆಗಳಲ್ಲಿ ಇಂಗ್ಲಿಷ್ ದೊರೆಗಳು, ನಡುವಿನ ಹುದ್ದೆಗಳಲ್ಲಿ ಆಂಗ್ಲೋ ಇಂಡಿಯನ್ನರು, ಆಳದಲ್ಲಿ ಉತ್ತರ ಆರ್ಕಾಟು, ಚಿತ್ತೂರು ಕಡೆಗಳಿಂದ ಬಂದ ಕೂಲಿಗಳು. ಅವರಲ್ಲಿ ಬಹುಪಾಲು ದಲಿತರು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿ.ಮೀ. ತಂತಿ ಎಳೆದು ಗಣಿಗೆ ವಿದ್ಯುತ್ ತಂದರು. ಬೆಂಗಳೂರಿನ ಬೀದಿಗಳಿಗೆ ದೀಪ ಬಂದದ್ದು ಅದಾದ ಮೇಲೆ, 1905ರಲ್ಲಿ. ಅಪ್ಪನಂಥವರ ಕಸುಬು ಹುಟ್ಟಿದ್ದು ಆ ತಂತಿಯಿಂದಲೇ. ಆದರೂ ಲೈನಿನ ಹುಡುಗ ಬಂಗಲೆಯ ಕನಸು ಕಾಣುತ್ತಿರಲಿಲ್ಲ. ಅಪ್ಪಂದಿರು ಹೇಳುತ್ತಿದ್ದುದು ಇಷ್ಟೇ: "ಅಂಡರ್‌ಗ್ರೌಂಡ್ ಬೇಡ ಮಗಾ, ಸರ್ಫೇಸ್ ಕೆಲಸ ನೋಡ್ಕೋ." ಸಿಡಿಯುವ ಬಂಡೆ, ಎದೆಯಲ್ಲಿ ಕೂರುವ ಕಲ್ಲಿನ ಧೂಳು ಎರಡನ್ನೂ ಕಂಡವರ ಮಾತು ಅದು.

1956ರಲ್ಲಿ ಗಣಿ ಮೈಸೂರು ಸರ್ಕಾರದ ಪಾಲಾಯಿತು, 1962ರಲ್ಲಿ ಕೇಂದ್ರದ ಪಾಲಾಯಿತು. 1964ರಲ್ಲಿ ಶುರುವಾದ ಬಿಇಎಂಎಲ್‌ನ ಕಾರ್ಖಾನೆ ಇಲ್ಲೂ ಎದ್ದಿತು. ಆಗ ಕನಸಿಗೆ ಫಿಟ್ಟರ್, ಟರ್ನರ್ ಎಂಬ ಹೆಸರುಗಳು ಬಂದವು. ಐಟಿಐ ಸೀಟಿಗೆ ಪೈಪೋಟಿ ಹತ್ತಿತು.

ಪಕ್ಕದ ಮನೆಯ ಗೆಳೆಯನ ಆಸೆ ಮಾತ್ರ ಬೇರೆ. ಅವನು ವಿಜ್ಞಾನಿ ಆಗಬೇಕಿತ್ತು. ಅದು ಆಕಾಶಕ್ಕೆ ಏಣಿ ಹಾಕುವ ಮಾತೇನಲ್ಲ, ವಿಜ್ಞಾನ ನಮ್ಮ ಕಾಲ ಕೆಳಗೇ ಇತ್ತು. ಹೋಮಿ ಭಾಭಾ ಮಾತಿನಂತೆ ನಂಜನಗೂಡಿನ ಭೌತವಿಜ್ಞಾನಿ ಬಿ.ವಿ. ಶ್ರೀಕಂಠನ್ 1951ರಲ್ಲೇ ಕಾಸ್ಮಿಕ್ ಕಿರಣ ಅಳೆಯಲು ಇಲ್ಲಿನ ಗಣಿಗೆ ಇಳಿದಿದ್ದರು. 1965ರಲ್ಲಿ ಚಾಂಪಿಯನ್ ರೀಫ್ ಗಣಿಯಲ್ಲಿ, ನೆಲದಿಂದ ಎರಡು ಕಿ.ಮೀ.ಗೂ ಕೆಳಗೆ, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಎಂಬ ಕಣಗಳ ಸುಳಿವು ಸಿಕ್ಕಿತು. ಮೇಲಿನ ಬಂಡೆಯೆಲ್ಲ ಬೇರೆ ಕಣಗಳನ್ನು ತಡೆದುಬಿಡುತ್ತದೆ, ಅದಕ್ಕೇ ಅಷ್ಟು ಆಳ ಬೇಕಿತ್ತು. ಆ ವಿಜ್ಞಾನಿಗಳು ಇಳಿದದ್ದೂ ನಮ್ಮವರು ಇಳಿಯುತ್ತಿದ್ದಂಥ ಕೇಜಿನಲ್ಲೇ.

ಅದಿರಿನಲ್ಲಿ ಚಿನ್ನ ಕಡಿಮೆಯಾಗುತ್ತ ಬಂತು, ತೆಗೆಯುವ ಖರ್ಚು ಚಿನ್ನದ ಬೆಲೆಯನ್ನೂ ಮೀರಿತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಪಂಪು ನಿಂತ ಮೇಲೆ ಶಾಫ್ಟುಗಳಲ್ಲಿ ನೀರು ತುಂಬಿತು. ನನಗೆ ಸಿಕ್ಕಿದ್ದು ಬೆಂಗಳೂರಿನ ಗೋದಾಮೊಂದರಲ್ಲಿ ಲೆಕ್ಕ ಬರೆಯುವ ಕೆಲಸ. ವಿಜ್ಞಾನಿಯಾಗಬೇಕಿದ್ದ ಗೆಳೆಯ ಕೊರಿಯರ್ ಆಫೀಸಿನಲ್ಲಿದ್ದಾನೆ.

ಮಾರಿಕುಪ್ಪಂನಿಂದ ನಸುಕಿಗೇ ಹೊರಡುವ ರೈಲಿನಲ್ಲಿ ಹಳೆಯ ವೈಂಡಿಂಗ್ ಡ್ರೈವರ್ ಒಬ್ಬರು ಬರುತ್ತಿದ್ದರು. ವೈಟ್‌ಫೀಲ್ಡಿನ ಅಪಾರ್ಟ್‌ಮೆಂಟಿನಲ್ಲಿ ಅವರು ಸೆಕ್ಯೂರಿಟಿ. "ಅಲ್ಲಿಯವರಿಗೆ ನಿಮ್ಮ ಹಳೇ ಕೆಲಸ ಗೊತ್ತೇನಣ್ಣ?" ಅಂತ ಕೇಳಿದೆ. "ಒಂದ್ಸಲ ಹೇಳ್ದೆ ತಮ್ಮ. ಓ, ಲಿಫ್ಟ್ ಆಪರೇಟರಾ ಅಂದ್ರು" ಅಂತ ನಕ್ಕರು.

ನಮ್ಮ ಆಸೆಗಳೇನೂ ದೊಡ್ಡವಲ್ಲ, ಎಲ್ಲ ಒಂದೇ ಗಣಿಯ ಒಳಗೆ ಹೊರಗೆ ಸಿಗುವಂಥವು. ಆದರೆ ಅಂಥ ಊರಿನಲ್ಲಿ ಗಣಿ ಮುಚ್ಚಿದರೆ ಅಪ್ಪನ ಕೆಲಸವೂ ಮಗನ ಕನಸೂ ಒಂದೇ ದಿನ ಹೋಗುತ್ತವೆ. ಸರ್ಕಾರದ ಪರಿಹಾರದ ಲೆಕ್ಕಕ್ಕೆ ಸಿಕ್ಕಿದ್ದು ಮೊದಲನೆಯದು ಮಾತ್ರ.